ಬಲ್ಬು ಮಿನುಗಿದರೆ ಮಾಡ್ಯೂಲ್ ನಿರಪರಾಧಿ

ಹಳೆಯ ಪೆಟ್ರೋಲ್ ಗಾಡಿಯೊಂದು ಮಳೆಗಾಲದಲ್ಲಿ ನಡುರಸ್ತೆಯಲ್ಲಿ ನಿಂತಿತೆನ್ನಿ. ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಪ್ಲಗ್ ಬಿಚ್ಚಿ ನೋಡಿದರೆ ಕರೆಂಟ್ ಬರುತ್ತಿಲ್ಲ. ಅಲ್ಲಿಂದ ಮುಂದೆ ಮಾತು ಬಲುಬೇಗ ಒಂದೇ ಕಡೆಗೆ ಹೊರಳುತ್ತದೆ: ‘ಮಾಡ್ಯೂಲ್ ಹೋಗಿರಬೇಕು, ಹೊಸತು ಹಾಕಿ ನೋಡುವ.’ ಪುಸ್ತಕದಲ್ಲಿ ಇಗ್ನಿಷನ್ ಕಂಟ್ರೋಲ್ ಮಾಡ್ಯೂಲ್ ಎನಿಸಿಕೊಳ್ಳುವ, ಮಾರುತಿ ಗಾಡಿಗಳವರ ಬಾಯಲ್ಲಿ ಇಗ್ನೈಟರ್ ಆಗಿರುವ ಈ ವಸ್ತು ಅಂಗೈಯಲ್ಲಿ ಅಡಗುವಷ್ಟು ಸಣ್ಣದೊಂದು ಕಪ್ಪು ಡಬ್ಬಿ. ಅದನ್ನು ಬಿಚ್ಚಲು ಬರುವುದಿಲ್ಲ, ಒಳಗೇನಿದೆ ಎಂದು ಕಾಣುವುದಿಲ್ಲ, ಕೆಟ್ಟರೆ ರಿಪೇರಿ ಇಲ್ಲ. ಬಾಯಿಲ್ಲದ ವಸ್ತುವಿನ ಮೇಲೆ ತಪ್ಪು ಹೊರಿಸುವುದು ಸುಲಭ. ನನ್ನ ವಾದವಿಷ್ಟು: ಮಂಗಳೂರಿನಂಥ ಊರಿನಲ್ಲಿ ಈ ಡಬ್ಬಿ ಆರೋಪಿಗಳ ಸಾಲಿನಲ್ಲಿ ಕೊನೆಗೆ ನಿಲ್ಲಬೇಕು. ಅದಕ್ಕೆ ಮೊದಲು ಪರೀಕ್ಷಿಸಬೇಕಾದವು ಬೇರೆ ಇವೆ. ಅವನ್ನೆಲ್ಲ ಪರೀಕ್ಷಿಸಲು ಬೇಕಾದ ಮುಖ್ಯ ಸಲಕರಣೆ ಎರಡು ತುಂಡು ವೈರು ಕಟ್ಟಿದ ಒಂದು 12 ವೋಲ್ಟ್ ಬಲ್ಬು.

ಆದರೆ ಮೊದಲ ಪ್ರಶ್ನೆ ಇನ್ನೂ ಹಿಂದಿನದು. ನಿಮ್ಮ ಗಾಡಿಯಲ್ಲಿ ಆ ಮಾಡ್ಯೂಲ್ ಇದೆಯೇ? ಅಮೆರಿಕದಲ್ಲಿ ‘ಹಳೆಯ ಪಿಕಪ್’ ಎಂದರೆ ಸಾಮಾನ್ಯವಾಗಿ ಪೆಟ್ರೋಲ್ ಗಾಡಿ. ನಮ್ಮಲ್ಲಿ ಹಾಗಲ್ಲ. ಬಂದರಿನ ಧಕ್ಕೆಯಿಂದ ಮೀನು ಹೊರುವ, ಬೈಕಂಪಾಡಿಯಿಂದ ಸರಕು ಎತ್ತುವ ಹಳೆಯ ಪಿಕಪ್‌ಗಳಲ್ಲಿ ಹೆಚ್ಚಿನವು ಡೀಸೆಲ್. 1986ರ ಟಾಟಾ 407 ಇರಲಿ, ಮಹೀಂದ್ರ ಬೊಲೆರೊ ಪಿಕಪ್ ಇರಲಿ, 2005ರಲ್ಲಿ ಬಂದ ಟಾಟಾ ಏಸ್‌ನ ಮೊದಲ ಮಾದರಿ ಇರಲಿ, ಇವುಗಳ ಎಂಜಿನ್ ಗಾಳಿಯನ್ನು ಒತ್ತಿ ಕಾಯಿಸಿ ಅದರ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಅಲ್ಲಿ ಪ್ಲಗ್ಗಿನ ಕಿಡಿ ಇಲ್ಲ, ಆದ್ದರಿಂದ ಕಿಡಿ ಕೊಡಿಸುವ ಡಬ್ಬಿಯೂ ಇಲ್ಲ. ಅಂಥ ಗಾಡಿ ನಿಂತರೆ ಡೀಸೆಲ್ ಫಿಲ್ಟರ್, ಪೈಪಿನಲ್ಲಿ ಸೇರಿದ ಗಾಳಿ, ಪಂಪಿನ ಸೊಲೆನಾಯ್ಡ್ ಇವುಗಳನ್ನು ನೋಡಬೇಕು. ಇಂಟರ್‌ನೆಟ್ಟಿನಲ್ಲಿ ಅಮೆರಿಕದ ಪಿಕಪ್ ವಿಡಿಯೊ ನೋಡಿ ಬೊಲೆರೊದಲ್ಲಿ ಇಗ್ನಿಷನ್ ಮಾಡ್ಯೂಲ್ ಹುಡುಕಿದರೆ ಸಂಜೆಯವರೆಗೂ ಹುಡುಕುತ್ತಲೇ ಇರಬೇಕಾಗುತ್ತದೆ.

ನಮ್ಮ ಊರಿನಲ್ಲಿ ಆ ವಿಡಿಯೊದ ಪಿಕಪ್‌ಗೆ ಹತ್ತಿರದ ನೆಂಟ ಯಾವುದೆಂದರೆ ಕಾರ್ಬ್ಯುರೇಟರ್ ಇರುವ ಮಾರುತಿ ಓಮ್ನಿ ಮತ್ತು ಜಿಪ್ಸಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು 2019ರವರೆಗೆ ತಯಾರಾದ ಓಮ್ನಿ, ಬಂದರಿನ ಇಕ್ಕಟ್ಟಿನ ಓಣಿಗಳಲ್ಲಿ ಹಿಂದಿನ ಸೀಟು ಕಳಚಿಕೊಂಡು ಪಿಕಪ್ಪಿನ ಕೆಲಸವನ್ನೇ ಮಾಡಿದೆ. ಇದೇನೂ ಹೊಸ ವೇಷವಲ್ಲ. ಅದರ ಮೂಲವಾದ ಸುಜುಕಿ ಕ್ಯಾರಿ ಜಪಾನಿನಲ್ಲಿ ಪಿಕಪ್ ಆಗಿಯೂ ಇತ್ತು. ಪಾಕಿಸ್ತಾನದಲ್ಲಿ ಇದೇ 796 ಸಿಸಿ ಎಂಜಿನ್ ಹೊತ್ತು ‘ರಾವಿ’ ಎಂಬ ಪಿಕಪ್ ಬಹುಕಾಲ ಓಡಿತು. ಕೆಎ-19 ನಂಬರಿನ ಹಳೆಯ ಓಮ್ನಿಗಳಲ್ಲಿ ಎರಡು ಕಾಲದ ಎರಡು ಬಗೆ ಇವೆ. ಮೊದಲಿನವುಗಳಲ್ಲಿ ಪ್ಲಾಟಿನಂ ಪಾಯಿಂಟ್, ಆಮೇಲೆ ಬಂದ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಇಗ್ನೈಟರ್. 2000ದ ಸುಮಾರಿಗೆ ಹೊಗೆ ನಿಯಮ ಬಿಗಿಯಾಗಿ, ಕಾರ್ಬ್ಯುರೇಟರಿನ ಜಾಗಕ್ಕೆ ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮುಕಿಸುವ ಎಂಪಿಎಫ್‌ಐ ಬಂದ ಮೇಲೆ ಕಥೆಯೇ ಬೇರೆ, ಅದಕ್ಕೆ ಕೊನೆಯಲ್ಲಿ ಬರೋಣ.

ಈ ಡಬ್ಬಿ ಮಾಡುವ ಕೆಲಸವೇನು ಎಂದು ತಿಳಿದರೆ ಅರ್ಧ ಪರೀಕ್ಷೆ ಮುಗಿದಂತೆ. ಬ್ಯಾಟರಿಯಲ್ಲಿರುವುದು 12 ವೋಲ್ಟ್. ಪ್ಲಗ್ಗಿನ ಸಂದಿನಲ್ಲಿ ಕಿಡಿ ಹಾರಲು ಇಪ್ಪತ್ತು ಸಾವಿರದ ಆಸುಪಾಸಿನ ವೋಲ್ಟ್ ಬೇಕು. ಈ ಜಿಗಿತವನ್ನು ಮಾಡಿಸುವುದು ಕಾಯಿಲ್. ಅದರೊಳಗೆ ಕಡಿಮೆ ಸುತ್ತಿನ ದಪ್ಪ ತಂತಿಯೊಂದು, ಸಾವಿರಾರು ಸುತ್ತಿನ ಕೂದಲೆಳೆಯ ತಂತಿಯೊಂದು. ದಪ್ಪ ತಂತಿಯಲ್ಲಿ ಕರೆಂಟ್ ಹರಿಯುತ್ತಿರುವಾಗ ಏನೂ ಆಗುವುದಿಲ್ಲ. ಹರಿಯುವುದನ್ನು ತಟ್ಟನೆ ಕಡಿದಾಗ ತೆಳು ತಂತಿಯಲ್ಲಿ ಆ ದೊಡ್ಡ ವೋಲ್ಟೇಜ್ ಏಳುತ್ತದೆ. ಅಂದರೆ ಕಿಡಿ ಹುಟ್ಟುವುದು ಸ್ವಿಚ್ ಹಾಕಿದಾಗಲ್ಲ, ತೆಗೆದಾಗ. ಹಾಗೆ ಹಾಕಿ ತೆಗೆಯುವವರು ಯಾರು? ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರಿಗಾಗಿ ರೂಪಿಸಿದ ಏರ್ಪಾಟಿನಲ್ಲಿ ಆ ಕೆಲಸ ಮಾಡಿದ್ದು ಎರಡು ಲೋಹದ ತುದಿಗಳು, ನಮ್ಮ ಮೆಕ್ಯಾನಿಕರ ಪಾಯಿಂಟ್. ಅರುವತ್ತು ವರ್ಷ ಜಗತ್ತಿನ ಕಾರುಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಓಡಿದವು. ಓಮ್ನಿಯ ಮೂರು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 75 ಕಿಡಿ ಬೇಕು. ಅಷ್ಟು ಸಲ ಬಡಿದುಕೊಳ್ಳುವ ಲೋಹ ಸುಟ್ಟು ಸವೆಯುವುದು ಸಹಜ. ಅದಕ್ಕೇ 1970ರ ದಶಕದಲ್ಲಿ ಅಮೆರಿಕದ ಕಂಪನಿಗಳು ಪಾಯಿಂಟಿನ ಜಾಗದಲ್ಲಿ ಟ್ರಾನ್ಸಿಸ್ಟರನ್ನು ಕೂರಿಸಿದವು. ಕ್ರೈಸ್ಲರ್ 1973ಕ್ಕೆ ತನ್ನ ಕಾರುಗಳಿಗೆಲ್ಲ ಅದನ್ನು ಹಾಕಿತು. ಮಾಡ್ಯೂಲ್ ಎಂದರೆ ಇಷ್ಟೇ: ಸವೆಯದ ಪಾಯಿಂಟ್. ಯಾವಾಗ ಕಡಿಯಬೇಕು ಎಂಬುದನ್ನು ಮಾತ್ರ ಅದು ತಾನಾಗಿ ತಿಳಿಯದು. ಕಿಡಿಯನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೆ ತಿರುಗುವ ಹಲ್ಲಿನ ಚಕ್ರವೊಂದು ಪಕ್ಕದ ಪುಟ್ಟ ಕಾಯಿಲಿನಲ್ಲಿ ಎಬ್ಬಿಸುವ ಸಣ್ಣ ಮಿಡಿತವೇ ಅದಕ್ಕೆ ಅಪ್ಪಣೆ. ಆ ಪುಟ್ಟ ಕಾಯಿಲಿನ ಹೆಸರೂ ಪಿಕಪ್ ಎಂದಿರುವುದು ಒಂದು ತಮಾಷೆ.

ಇದನ್ನು ಎಲ್ಲಿ ಹುಡುಕುವುದು? ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿದೆ. ಜನರಲ್ ಮೋಟಾರ್ಸ್ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಅಡಿಯಲ್ಲಿಟ್ಟಿತು, ಫೋರ್ಡ್ ಡಿಸ್ಟ್ರಿಬ್ಯೂಟರಿನ ಮೈಗೇ ಹೊರಗಿನಿಂದ ಅಂಟಿಸಿತು, ಕ್ರೈಸ್ಲರ್ ಎಂಜಿನ್ ಕೋಣೆಯ ಹಿಂಗೋಡೆಗೆ ತಿರುಪು ಹಾಕಿ ಕೂರಿಸಿತು. ಗಲ್ಫಿನ ಗ್ಯಾರೇಜುಗಳಲ್ಲಿ ದುಡಿದು ಬಂದ ಕರಾವಳಿಯವರಿಗೆ ಈ ಮೂರೂ ಪರಿಚಿತ. ಮಾದರಿಯ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಒಂದೇ ಒಂದು ಸೂತ್ರ ನೆನಪಿಟ್ಟರೆ ಸಾಕು. ಕಾಯಿಲಿನ ಮೈನಸ್ ತುದಿಯಿಂದ ಹೊರಡುವ ತಂತಿಯನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿ. ಅದು ಹೋಗಿ ಮುಟ್ಟುವ ಡಬ್ಬಿಯೇ ಮಾಡ್ಯೂಲ್. (ಆರ್‌ಪಿಎಂ ಮೀಟರಿಗೂ ಅದೇ ತುದಿಯಿಂದ ಒಂದು ತಂತಿ ಹೋಗಿರಬಹುದು, ಅದಕ್ಕೆ ಮರುಳಾಗಬೇಡಿ.) ಓಮ್ನಿಯಲ್ಲಿ ಈ ಯಾತ್ರೆ ಬಾನೆಟ್ ಕೆಳಗಲ್ಲ, ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಎಂಜಿನ್, ಅದರ ಸಿಲಿಂಡರ್ ಹೆಡ್ಡಿನ ಒಂದು ತುದಿಯಲ್ಲಿ ಡಿಸ್ಟ್ರಿಬ್ಯೂಟರ್. ಮುಚ್ಚಳದಿಂದ ನಾಲ್ಕು ದಪ್ಪ ವೈರು ಹೊರಬಂದಿರುತ್ತವೆ, ಮೂರು ಪ್ಲಗ್ಗುಗಳಿಗೆ, ನಡುವಿನದು ಕಾಯಿಲಿಗೆ. ಮುಚ್ಚಳ ತೆಗೆದು, ರೋಟರ್ ಎಳೆದು, ಅದರ ಅಡಿಯ ಕವಚ ಸರಿಸಿದರೆ ಹಲ್ಲಿನ ಚಕ್ರವೂ ಪಿಕಪ್ ಕಾಯಿಲೂ ಕಾಣುತ್ತವೆ. ಎಲೆಕ್ಟ್ರಾನಿಕ್ ಬಗೆಯಾದರೆ ಇಗ್ನೈಟರ್ ಅಲ್ಲೇ ಅಕ್ಕಪಕ್ಕದಲ್ಲಿ ಇರುತ್ತದೆ. ಒಳಗೆ ಪಾಯಿಂಟ್ ಮತ್ತು ಬೆರಳ ತುದಿಯಷ್ಟು ಗಾತ್ರದ ಕಂಡೆನ್ಸರ್ ಕಂಡರೆ ನಿಮ್ಮದು ಮೊದಲ ಬಗೆಯ ಗಾಡಿ. ಮಾಡ್ಯೂಲಿನ ಚಿಂತೆ ಅಲ್ಲಿಗೇ ಮುಗಿಯಿತು, ಉಪ್ಪುಕಾಗದ ತೆಗೆದುಕೊಳ್ಳಿ.

ಈಗ ವಾದದ ತಿರುಳಿಗೆ ಬರೋಣ. ಕಿಡಿಯ ದಾರಿ ಒಂದು ಸರಪಳಿ: ಬ್ಯಾಟರಿ, ಇಗ್ನಿಷನ್ ಸ್ವಿಚ್, ಕಾಯಿಲ್, ಮಾಡ್ಯೂಲ್, ಪಿಕಪ್, ಡಿಸ್ಟ್ರಿಬ್ಯೂಟರ್ ಮುಚ್ಚಳ, ರೋಟರ್, ದಪ್ಪ ವೈರು, ಪ್ಲಗ್, ಇವೆಲ್ಲಕ್ಕೂ ಆಧಾರವಾದ ಅರ್ಥ್. ಇದರಲ್ಲಿ ಯಾವ ಕೊಂಡಿ ಕಳಚಿದರೂ ಹೊರಗೆ ಕಾಣುವ ಲಕ್ಷಣ ಒಂದೇ, ಕರೆಂಟ್ ಬರುತ್ತಿಲ್ಲ. ಹಾಗಾದರೆ ಯಾವುದರ ಮೇಲೆ ಮೊದಲು ಸಂಶಯಪಡಬೇಕು? ಊರನ್ನು ನೋಡಿ ಹೇಳಬೇಕು. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 1000 ಮಿ.ಮೀ., ಮಂಗಳೂರಿಗೆ ಮೂರೂವರೆ ಸಾವಿರ ಮಿ.ಮೀ.ಗೂ ಮೇಲೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಪಡೀಲಿನ ರೈಲ್ವೆ ಅಂಡರ್‌ಪಾಸ್, ಕೊಟ್ಟಾರ ಚೌಕಿ ಮುಂತಾದೆಡೆ ನಿಂತ ನೀರನ್ನು ಸೀಳಿಕೊಂಡು ಹೋದ ಗಾಡಿಯ ಎಂಜಿನ್ ಮೇಲೆ ಹನಿ ಎರಚದೆ ಇರುತ್ತದೆಯೇ? ಮಳೆ ನಿಂತ ಮೇಲೂ ಪಣಂಬೂರು, ತಣ್ಣೀರುಬಾವಿ, ಉಳ್ಳಾಲದ ಕಡೆಯಿಂದ ಬರುವ ಗಾಳಿಯಲ್ಲಿ ಉಪ್ಪು ಇದ್ದೇ ಇದೆ. ಈ ನೀರೂ ಉಪ್ಪೂ ಯಾರನ್ನು ಕಾಡುತ್ತವೆ? ಬಯಲಿಗೆ ತೆರೆದುಕೊಂಡವರನ್ನು. ಬ್ಯಾಟರಿ ತುದಿಯಲ್ಲಿ ಹಸಿರು ಹಿಟ್ಟು ಕಟ್ಟುತ್ತದೆ, ಅರ್ಥ್ ವೈರು ಬಾಡಿಯನ್ನು ಮುಟ್ಟುವ ಜಾಗದಲ್ಲಿ ತುಕ್ಕಿನ ಪದರ ಏಳುತ್ತದೆ, ಕನೆಕ್ಟರಿನ ಪಿನ್ನುಗಳು ಮಸುಕಾಗುತ್ತವೆ, ದಪ್ಪ ವೈರಿನ ರಬ್ಬರ್ ಒಡೆಯುತ್ತದೆ. ಮಾಡ್ಯೂಲ್ ಮಾತ್ರ ಅಂಟಿನಲ್ಲಿ ಮುಳುಗಿಸಿ ಮುಚ್ಚಿದ ವಸ್ತು. ಇಡೀ ಸರಪಳಿಯಲ್ಲಿ ಮಳೆಗೆ ಅತ್ಯಂತ ಕಡಿಮೆ ಹೆದರಬೇಕಾದದ್ದು ಅದೇ. ಮಳೆಗಾಲದಲ್ಲೇ ಹೆಚ್ಚಾಗಿ ನಿಲ್ಲುವ ಗಾಡಿಯ ತಪ್ಪನ್ನು ಮಳೆಗೆ ಅಂಜದ ಡಬ್ಬಿಯ ಮೇಲೆ ಹೊರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಕರಾವಳಿಯಲ್ಲಿ ದೊಡ್ಡ ಕಳ್ಳ ಅದು. ಮಗುಚಿ ಹಿಡಿದು ಬೆಳಕಿಗೆ ಓರೆಯಾಗಿಸಿ. ನಡುವೆ ಕಾರ್ಬನ್ನಿನ ಪುಟ್ಟ ಗುಂಡಿ, ಸುತ್ತ ಮೂರು ಲೋಹದ ಹಲ್ಲು. ಆ ಗುಂಡಿಯಿಂದ ಯಾವುದೋ ಒಂದು ಹಲ್ಲಿಗೋ ಮುಚ್ಚಳದ ಅಂಚಿಗೋ ಕವಲೊಡೆದ ಕಪ್ಪು ಗೆರೆಯೊಂದು ಹರಿದಿದೆಯೇ? ಪೆನ್ಸಿಲಿನಲ್ಲಿ ಗೀಚಿದಂತೆ ಕಾಣುತ್ತದೆ, ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ. ಒಳಗೆ ಕೂತ ತೇವದ ಮೇಲೆ ಇಪ್ಪತ್ತು ಸಾವಿರ ವೋಲ್ಟ್ ಹರಿದು ಬೇಕಲೈಟನ್ನೇ ಸುಟ್ಟು ಮಾಡಿಕೊಂಡ ಕಳ್ಳದಾರಿ ಅದು. ಒಮ್ಮೆ ಆ ದಾರಿ ಬಿದ್ದ ಮೇಲೆ ಕಿಡಿ ಪ್ಲಗ್ಗಿಗೆ ಹೋಗುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಬಿಸಿಲು ಬಂದು ಒಣಗಿದರೆ ಗಾಡಿ ಹೊರಡುತ್ತದೆ, ಮಾಲಕರು ಮರೆತುಬಿಡುತ್ತಾರೆ. ಮುಂದಿನ ಮಳೆಗೆ ಮತ್ತೆ ಅದೇ ಜಾಗ, ಅದೇ ಗೋಳು. ಇಂಥ ಗೆರೆ ಕಂಡರೆ ಮುಚ್ಚಳ ಬದಲಿಸುವುದೊಂದೇ ಮದ್ದು. ಬರಿಯ ತೇವವಿದ್ದರೆ ಒಣಬಟ್ಟೆ ಸಾಕು, ಅಥವಾ ಡಬ್ಲ್ಯೂಡಿ-40 ಸಿಂಪಡಿಸಿ ಆರಲು ಬಿಡಬಹುದು. ಆ ಹೆಸರಿನ ಮೊದಲೆರಡು ಅಕ್ಷರಗಳ ಅರ್ಥವೇ ನೀರನ್ನು ಒತ್ತರಿಸುವುದು ಎಂದು.

ಇಷ್ಟಾದ ಮೇಲೆ ಬಲ್ಬು. ಅದರ ಒಂದು ತುದಿಯನ್ನು ಅರ್ಥಿಗೆ ಸಿಕ್ಕಿಸಿ, ಇನ್ನೊಂದನ್ನು ಕಾಯಿಲಿನ ಪ್ಲಸ್ಸಿಗೆ ಮುಟ್ಟಿಸಿ. ಕೀ ತಿರುಗಿಸಿದಾಗ ಉರಿಯಬೇಕು, ಸೆಲ್ಫ್ ಹೊಡೆಯುತ್ತಿರುವಾಗಲೂ ಉರಿಯುತ್ತಲೇ ಇರಬೇಕು. ಸವೆದ ಇಗ್ನಿಷನ್ ಸ್ವಿಚ್ಚುಗಳಲ್ಲಿ ಕೀ ಆನ್ ಜಾಗದಲ್ಲಿ ಕರೆಂಟ್ ಇದ್ದು, ಸ್ಟಾರ್ಟ್ ಜಾಗಕ್ಕೆ ಹೋದ ಕೂಡಲೇ ಕಡಿದುಹೋಗುವುದುಂಟು. ಇಲ್ಲಿ ಬಲ್ಬು ಆರಿದರೆ ಮಾಡ್ಯೂಲನ್ನು ಮರೆತು ಸ್ವಿಚ್ಚು, ಫ್ಯೂಸ್ ನೋಡಿ. ಉರಿದರೆ ಎರಡನೆಯ ಹೆಜ್ಜೆ, ಇದೇ ಮುಖ್ಯವಾದದ್ದು. ಬಲ್ಬಿನ ಮೊದಲ ತುದಿಯನ್ನು ಅರ್ಥಿನಿಂದ ತೆಗೆದು ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಕಾಯಿಲಿನ ಮೈನಸ್ಸಿಗೆ ಮುಟ್ಟಿಸಿ, ಒಬ್ಬರು ಸೆಲ್ಫ್ ಹೊಡೆಯಲಿ. ಮಾಡ್ಯೂಲ್ ಕರೆಂಟನ್ನು ಅರ್ಥಿಗೆ ಹರಿಯಬಿಟ್ಟಾಗಲೆಲ್ಲ ಬಲ್ಬು ಉರಿಯುತ್ತದೆ, ಕಡಿದಾಗಲೆಲ್ಲ ಆರುತ್ತದೆ. ಹಾಗೆ ಮಿನುಗುತ್ತಿದ್ದರೆ ಆ ಕ್ಷಣದಲ್ಲಿ ಮಾಡ್ಯೂಲೂ ಅದಕ್ಕೆ ಅಪ್ಪಣೆ ಕೊಡುವ ಪಿಕಪ್ ಕಾಯಿಲೂ ತಮ್ಮ ಕೆಲಸ ಮಾಡುತ್ತಿವೆ ಎಂದರ್ಥ. ಬಲ್ಬು ಮಿನುಗಿಯೂ ಪ್ಲಗ್ಗಿನಲ್ಲಿ ಕಿಡಿ ಇಲ್ಲದಿದ್ದರೆ ತಪ್ಪು ಮುಂದಿನ ಕೊಂಡಿಗಳದು. ಕಾಯಿಲಿನ ನಡುವೈರಿನಲ್ಲೇ ಕಿಡಿ ಇಲ್ಲವಾದರೆ ಕಾಯಿಲೋ ಆ ವೈರೋ ಕೆಟ್ಟಿದೆ. ಅಲ್ಲಿ ಇದ್ದು ಪ್ಲಗ್ಗುಗಳಲ್ಲಿ ಇಲ್ಲವಾದರೆ ಮುಚ್ಚಳ ಅಥವಾ ರೋಟರ್. ಕಿಡಿ ನೋಡುವಾಗ ಹಳೆಯ ಪ್ಲಗ್ಗೊಂದನ್ನು ವೈರಿಗೆ ಸಿಕ್ಕಿಸಿ ಅದರ ಮೈಯನ್ನು ಎಂಜಿನ್ ಲೋಹಕ್ಕೆ ಬಿಗಿಯಾಗಿ ತಾಗಿಸಿ ಇಡಬೇಕು, ಕೈಯಲ್ಲಿ ಹಿಡಿಯಬಾರದು. ಸುತ್ತ ಪೆಟ್ರೋಲ್ ವಾಸನೆ ಇದ್ದರೆ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಬಲ್ಬು ಮಿನುಗದಿದ್ದರೆ? ಆಗಲೂ ಮಾಡ್ಯೂಲಿಗೆ ತಕ್ಷಣ ಶಿಕ್ಷೆ ಬೇಡ. ಬಲ್ಬು ಆರದೆ ಒಂದೇ ಸಮನೆ ಉರಿಯುತ್ತಿದೆಯೋ, ಉರಿಯುವುದೇ ಇಲ್ಲವೋ ನೋಡಿ. ಒಂದೇ ಸಮನೆ ಉರಿಯುತ್ತಿದ್ದರೆ ಕೀ ಆಫ್ ಮಾಡಿ ಮಾಡ್ಯೂಲಿನ ಕನೆಕ್ಟರ್ ಕಳಚಿ, ಮತ್ತೆ ಕೀ ಹಾಕಿ. ಈಗಲೂ ಉರಿದರೆ ಆ ತಂತಿಯೇ ಎಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗಿದೆ. ಆರಿಹೋದರೆ ಮಾಡ್ಯೂಲ್ ಒಳಗೆ ಶಾರ್ಟ್ ಆಗಿದೆ, ಅದಕ್ಕೆ ವಿದಾಯ ಹೇಳಬಹುದು. ಬಲ್ಬು ಉರಿಯುವುದೇ ಇಲ್ಲವಾದರೆ ಮಾಡ್ಯೂಲಿಗೆ ಮೂರು ಸವಲತ್ತು ಸಿಗುತ್ತಿವೆಯೇ ಎಂದು ವಿಚಾರಿಸಬೇಕು: ಊಟ, ನೆಲೆ, ಅಪ್ಪಣೆ. ಊಟವೆಂದರೆ ಅದರ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೇ ಎಂಬುದು. ನೆಲೆಯೆಂದರೆ ಅರ್ಥ್, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಡಿಸ್ಟ್ರಿಬ್ಯೂಟರಿನ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟ್ ದಾಟಿದರೆ ಅರ್ಥಿನ ದಾರಿಯಲ್ಲಿ ತುಕ್ಕಿದೆ. ಅಪ್ಪಣೆಯೆಂದರೆ ಪಿಕಪ್ ಕಾಯಿಲಿನ ಮಿಡಿತ. ಅದರ ಎರಡು ತಂತಿಗಳಿಗೆ ಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ಹಿಡಿದರೆ ಎಂಜಿನ್ ತಿರುಗುವಾಗ ಸಣ್ಣ ಅಂಕಿಯಾದರೂ ಏಳಬೇಕು. ಏಳದಿದ್ದರೆ ಪಿಕಪ್ ಕಾಯಿಲ್ ತುಂಡಾಗಿರಬಹುದು. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಶ್ ಸವೆದು ಚಕ್ರ ಅಲ್ಲಾಡುತ್ತಿದ್ದರೂ ಹೀಗಾಗುತ್ತದೆ, ಚಕ್ರಕ್ಕೂ ಕಾಯಿಲಿಗೂ ನಡುವಿನ ಸಂದು ಕೂದಲೆಳೆಯಷ್ಟೇ. ಮೂರೂ ಸಿಕ್ಕಿಯೂ ಬಲ್ಬು ಮಿನುಗದಿದ್ದರೆ ಮಾತ್ರ ಮಾಡ್ಯೂಲ್ ತಪ್ಪಿತಸ್ಥ. ಈ ಹೊತ್ತಿಗೆ ನೀವು ಊಹಿಸುತ್ತಿಲ್ಲ, ನಿಮ್ಮ ಕೈಯಲ್ಲಿ ಸಾಕ್ಷಿ ಇದೆ.

ಇದಕ್ಕೆ ಮೊದಲ ಆಕ್ಷೇಪ ಗ್ಯಾರೇಜಿನ ಒಳಗಿನಿಂದಲೇ ಬರುತ್ತದೆ. ‘ಇಷ್ಟೆಲ್ಲ ಯಾಕೆ? ಹೊಸ ಇಗ್ನೈಟರ್ ಹಾಕಿದೆವು, ಗಾಡಿ ಹೊರಟಿತು. ಇದಕ್ಕಿಂತ ದೊಡ್ಡ ಪರೀಕ್ಷೆ ಉಂಟೇ?’ ಕೇಳಲು ಸರಿಯೆನಿಸುತ್ತದೆ. ಆದರೆ ಹೊಸದನ್ನು ಹಾಕುವಾಗ ಕೈ ಏನೇನು ಮಾಡಿತು ಎಂದು ಲೆಕ್ಕ ಹಾಕಿ. ಮುಚ್ಚಳ ತೆಗೆಯಿತು, ಒಳಗಿನ ತೇವ ಆರಿತು. ಹಳೆಯ ಕನೆಕ್ಟರ್ ಕಿತ್ತು ಹೊಸದನ್ನು ಒತ್ತಿತು, ಆ ಉಜ್ಜಾಟದಲ್ಲಿ ಪಿನ್ನಿನ ಮಸಿ ಕೆರೆದುಹೋಯಿತು. ತಿರುಪು ಸಡಿಲಿಸಿ ಬಿಗಿಮಾಡಿತು, ಅರ್ಥ್ ಗಟ್ಟಿಯಾಯಿತು. ರೋಟರನ್ನು ಒರೆಸಿಯೂ ಇಟ್ಟಿತು. ಇವುಗಳಲ್ಲಿ ಯಾವುದು ಗಾಡಿಯನ್ನು ಹೊರಡಿಸಿತು? ಕಾಗೆ ಕೂತದ್ದೂ ಕೊಂಬೆ ಮುರಿದದ್ದೂ ಒಂದೇ ಗಳಿಗೆಯಲ್ಲಿ ಆದರೆ ಕಾಗೆಯ ತೂಕ ಎಷ್ಟೆಂದು ತಿಳಿಯುವುದಿಲ್ಲ. ಇದನ್ನು ಬಿಡಿಸಲು ಒಂದು ಉಪಾಯವಿದೆ, ಖರ್ಚು ಏನೂ ಇಲ್ಲ: ಗಾಡಿ ಹೊರಟ ಮೇಲೆ ಹಳೆಯ ಮಾಡ್ಯೂಲನ್ನೇ ಮರಳಿ ಜೋಡಿಸಿ ನೋಡುವುದು. ಆಗ ಗಾಡಿ ಮತ್ತೆ ನಿಂತರೆ ಹೊಸದಕ್ಕೆ ಕೊಟ್ಟ ಹಣ ಸಾರ್ಥಕ. ಹಳೆಯದರಲ್ಲೂ ಓಡಿದರೆ ರೋಗ ಬೇರೆ ಕಡೆ ಇತ್ತು ಎಂಬುದು ಬಹುಮಟ್ಟಿಗೆ ಖಚಿತ. ಈ ಮರುಜೋಡಣೆಯನ್ನು ಮಾಡುವವರು ಕಡಿಮೆ, ಗಾಡಿ ಹೊರಟ ಮೇಲೆ ಯಾರಿಗೂ ತಾಳ್ಮೆ ಉಳಿದಿರುವುದಿಲ್ಲ. ಆದ್ದರಿಂದಲೇ ತಪ್ಪು ರೋಗನಿರ್ಣಯಗಳು ಅನುಭವದ ಹೆಸರಿನಲ್ಲಿ ಬೆಳೆಯುತ್ತಾ ಹೋಗುತ್ತವೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಾಡ್ಯೂಲುಗಳು ನಿಜಕ್ಕೂ ಕೆಡುತ್ತವೆ, ಅದೂ ಕದ್ದುಮುಚ್ಚಿ ಕೆಡುತ್ತವೆ. ತಣ್ಣಗಿದ್ದಾಗ ಪರೀಕ್ಷೆಯಲ್ಲಿ ಪಾಸಾಗಿ, ಕಾದಾಗ ಕೈಕೊಡುತ್ತವೆ. ಇದಕ್ಕೆ ಚರಿತ್ರೆಯ ಸಾಕ್ಷಿಯೂ ಇದೆ. ಫೋರ್ಡ್ ಕಂಪನಿ 1980ರ ದಶಕದಲ್ಲಿ ಟಿಎಫ್‌ಐ ಎಂಬ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರಿನ ಮೈಗೇ ಅಂಟಿಸಿ ಲಕ್ಷಗಟ್ಟಲೆ ಕಾರು, ಪಿಕಪ್‌ಗಳಲ್ಲಿ ಮಾರಿತು. ಎಂಜಿನಿನ ಕಾವಿಗೆ ಅದು ಬೆಂದು ಗಾಡಿಗಳು ಓಡುತ್ತಿರುವಾಗಲೇ ನಿಲ್ಲುತ್ತವೆ ಎಂಬ ದೂರು ಕ್ಯಾಲಿಫೋರ್ನಿಯಾದ ನ್ಯಾಯಾಲಯದ ಮೆಟ್ಟಿಲೇರಿತು. ಕಂಪನಿ ಈ ದೋಷವನ್ನು ಮುಚ್ಚಿಟ್ಟಿತೆಂದು 2000ದಲ್ಲಿ ನ್ಯಾಯಾಧೀಶ ಮೈಕೇಲ್ ಬಲ್ಲಾಚಿ ಹೇಳಿದರು. ಮರುವರ್ಷ ಪ್ರಕರಣ ರಾಜಿಯಲ್ಲಿ ಮುಗಿಯಿತು. ಆ ವೇಳೆಗಾಗಲೇ ಕಂಪನಿ ಹಲವು ಮಾದರಿಗಳಲ್ಲಿ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರಿನಿಂದ ದೂರ ತಂದು ಅಲ್ಯುಮಿನಿಯಂ ಹಲಗೆಯ ಮೇಲೆ ಕೂರಿಸಿತ್ತು. ಇದನ್ನು ನನ್ನ ವಾದಕ್ಕೆ ವಿರುದ್ಧವಾದ ಸಾಕ್ಷಿಯೆಂದು ತೆಗೆದುಕೊಳ್ಳಬಹುದು. ನಾನು ಹಾಗೆ ನೋಡುವುದಿಲ್ಲ. ಮಾಡ್ಯೂಲಿನ ಶತ್ರು ಕಾವು, ನೀರಲ್ಲ ಎಂಬುದನ್ನು ಇದು ತೋರಿಸುತ್ತದೆ. ಹಾಗಿದ್ದ ಮೇಲೆ ಲಕ್ಷಣಗಳೂ ಬೇರೆಯಾಗಬೇಕು. ಬೆಳಿಗ್ಗೆ ತಣ್ಣಗೆ ಹೊರಟು, ಏಪ್ರಿಲ್ ತಿಂಗಳ ಮಧ್ಯಾಹ್ನ ಪಂಪ್‌ವೆಲ್ಲಿನ ಟ್ರಾಫಿಕ್ಕಿನಲ್ಲಿ ಕಾದು ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದವರಂತೆ ಮತ್ತೆ ಹೊರಡುವ ಗಾಡಿಯ ಮಾಡ್ಯೂಲಿನ ಮೇಲೆ ಸಂಶಯಪಡಿ. ಮಳೆಯ ಬೆಳಿಗ್ಗೆ ಮೊದಲ ಸಲಕ್ಕೇ ಹತ್ತದ ಗಾಡಿಯ ಮಾಡ್ಯೂಲಿನ ಮೇಲಲ್ಲ.

ಬೇಸಿಗೆಯ ಆ ಗಾಡಿಯಲ್ಲೂ ಒಂದು ಮೋಸವಿದೆ. ಓಮ್ನಿಯ ಎಂಜಿನ್ ಸೀಟಿನಡಿ ಬಂದಿ, ಅಲ್ಲಿಯ ಕಾವಿಗೆ ಮಾಡ್ಯೂಲ್ ಮಾತ್ರವಲ್ಲ, ಕಾಯಿಲೂ ಸೋಲಬಹುದು, ಕಾರ್ಬ್ಯುರೇಟರಿಗೆ ಹೋಗುವ ಪೆಟ್ರೋಲೂ ಪೈಪಿನಲ್ಲೇ ಆವಿಯಾಗಬಹುದು. ಮೂರೂ ಅರ್ಧ ಗಂಟೆ ಆರಿದರೆ ಸರಿಹೋಗುತ್ತವೆ. ಇವನ್ನು ಬೇರ್ಪಡಿಸುವ ಕ್ಷಣ ಒಂದೇ: ಗಾಡಿ ನಿಂತ ಕೂಡಲೇ, ಆರುವುದಕ್ಕೆ ಮೊದಲು. ಬಲ್ಬು ಡ್ಯಾಶ್‌ಬೋರ್ಡಿನಲ್ಲೇ ಇರಬೇಕು. ರಸ್ತೆ ಬದಿಗೆ ತಳ್ಳಿ, ಸೀಟೆತ್ತಿ, ಕಾಯಿಲಿನ ಮೈನಸ್ಸಿಗೆ ಹಿಡಿದು ಸೆಲ್ಫ್ ಹೊಡೆದಾಗ ಮಿನುಗಿದರೆ ಮಾಡ್ಯೂಲನ್ನು ಬಿಟ್ಟುಬಿಡಿ. ಕಿಡಿಯೂ ಚೆನ್ನಾಗಿದ್ದರೆ ತಪ್ಪು ಪೆಟ್ರೋಲಿನದು. ಕಿಡಿ ಇಲ್ಲವಾದರೆ ಕಾಯಿಲಿನ ಮೇಲೆ ಕಣ್ಣಿಡಿ. ಮಿನುಗದಿದ್ದರೆ ಮಾಡ್ಯೂಲ್ ಅಥವಾ ಪಿಕಪ್. ಆರುವುದನ್ನೇ ಕಾದು ಗ್ಯಾರೇಜಿಗೆ ಓಡಿಸಿಕೊಂಡು ಹೋದರೆ ರೋಗಿ ಡಾಕ್ಟರ ಮುಂದೆ ಕೂತಾಗ ಜ್ವರ ಬಿಟ್ಟಂತೆ, ಅಲ್ಲಿ ಏನೂ ಕಾಣುವುದಿಲ್ಲ. ಗ್ಯಾರೇಜಿನಲ್ಲೇ ಜ್ವರ ಬರಿಸಬೇಕೆಂದರೆ ತಲೆಕೂದಲು ಒಣಗಿಸುವ ಡ್ರೈಯರಿನಿಂದ ಮಾಡ್ಯೂಲಿಗೆ ಬಿಸಿಗಾಳಿ ಊದಬಹುದು. ಬೆಂಕಿಕಡ್ಡಿ, ಗ್ಯಾಸ್ ಟಾರ್ಚ್ ಬೇಡ.

ಇನ್ನೊಂದು ಆಕ್ಷೇಪ ಅನುಭವದ ಪರವಾದದ್ದು. ಮೂವತ್ತು ವರ್ಷ ಗಾಡಿ ಬಿಚ್ಚಿದವರಿಗೆ ಬಲ್ಬು ಹಿಡಿದು ಪಾಠ ಹೇಳುವುದೇ ಎಂದು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಬಸ್ ಕಂಪನಿ 1914ರಲ್ಲೇ ಹುಟ್ಟಿದ ಊರು ಇದು, ಬಸ್ಸು ಲಾರಿಗಳ ರಿಪೇರಿಯಲ್ಲಿ ಇಲ್ಲಿಯ ಕೈಗಳು ಯಾರಿಗೂ ಕಡಿಮೆಯಿಲ್ಲ. ಆದರೆ ನಮ್ಮ ಗ್ಯಾರೇಜುಗಳಲ್ಲಿ ಕೆಲಸ ಹಂಚಿಹೋಗಿರುವ ಬಗೆಯನ್ನು ಗಮನಿಸಿ. ಎಂಜಿನ್ ಬಿಚ್ಚುವವರು ಮೆಕ್ಯಾನಿಕ್. ವೈರಿಂಗ್, ಡೈನಮೊ, ಸೆಲ್ಫ್ ನೋಡುವವರು ಆಟೋ ಎಲೆಕ್ಟ್ರಿಷಿಯನ್, ಅವರ ಅಂಗಡಿ ಬೇರೆ, ಕೆಲವೊಮ್ಮೆ ಬೀದಿಯೇ ಬೇರೆ. ಡಿಸ್ಟ್ರಿಬ್ಯೂಟರ್ ಈ ಇಬ್ಬರ ಗಡಿಯಲ್ಲಿ ಕೂತಿರುವ ವಸ್ತು. ಮೆಕ್ಯಾನಿಕರಿಗೆ ಅದು ಕರೆಂಟಿನ ಸಾಮಾನು, ಎಲೆಕ್ಟ್ರಿಷಿಯನರಿಗೆ ಎಂಜಿನ್ನಿನ ಭಾಗ. ಗಡಿಯ ಊರಿಗೆ ಎರಡು ಸರ್ಕಾರಗಳೂ ರಸ್ತೆ ಹಾಕಿಸದಂತೆ, ಅದನ್ನು ಪೂರ್ತಿಯಾಗಿ ಪರೀಕ್ಷಿಸುವ ಹೊಣೆ ಯಾರದೂ ಅಲ್ಲದಾಗುತ್ತದೆ. ಬಿಡಿಭಾಗ ಬದಲಿಸುವುದು ಇಬ್ಬರಿಗೂ ಸುಲಭದ ದಾರಿ. ಇದು ಯಾರ ಕೈಗುಣದ ಕೊರತೆಯೂ ಅಲ್ಲ. ಪಾಯಿಂಟಿನ ಕಾಲದಲ್ಲಿ ತಪ್ಪು ಕಣ್ಣಿಗೆ ಕಾಣುತ್ತಿತ್ತು, ಅನುಭವಿ ಕಣ್ಣು ಸಾಕಿತ್ತು. ಮುಚ್ಚಿದ ಡಬ್ಬಿಯ ಮುಂದೆ ಎಷ್ಟೇ ಅನುಭವಿ ಕಣ್ಣೂ ಕುರುಡು, ಅಲ್ಲಿ ನೋಡುವ ಕೆಲಸವನ್ನು ಬಲ್ಬೇ ಮಾಡಬೇಕು.

ಪರೀಕ್ಷೆಯಿಲ್ಲದೆ ಬದಲಿಸುವುದರಲ್ಲಿ ದುಡ್ಡಿಗಿಂತ ದೊಡ್ಡ ನಷ್ಟವೂ ಇದೆ. ಮಾಡ್ಯೂಲನ್ನು ಕೊಂದ ಕಾರಣ ಗಾಡಿಯಲ್ಲೇ ಉಳಿದಿದ್ದರೆ ಅದು ಹೊಸದನ್ನೂ ಕೊಲ್ಲುತ್ತದೆ. ಒಡೆದ ದಪ್ಪ ವೈರು, ಸಂದು ಹೆಚ್ಚಾದ ಪ್ಲಗ್ಗು, ಹೊರದಾರಿ ಸಿಗದ ಕಿಡಿ ಇವೆಲ್ಲ ಕಾಯಿಲಿನ ವೋಲ್ಟೇಜನ್ನು ಹಿಂದಕ್ಕೆ ಟ್ರಾನ್ಸಿಸ್ಟರ್ ಕಡೆ ಒದೆಯುತ್ತವೆ. ಓಡುತ್ತಿರುವ ಎಂಜಿನಿನ ಪ್ಲಗ್ ವೈರನ್ನು ಎಳೆದು ದೂರ ಹಿಡಿದು ‘ಕಿಡಿ ಎಷ್ಟು ಉದ್ದ ಹಾರುತ್ತದೆ’ ಎಂದು ನೋಡುವ ಹಳೆಯ ಅಭ್ಯಾಸ ಪಾಯಿಂಟಿನ ಗಾಡಿಗೆ ನಡೆಯುತ್ತಿತ್ತು, ಎಲೆಕ್ಟ್ರಾನಿಕ್ ಗಾಡಿಗೆ ಅದು ನಿಧಾನವಿಷ. ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಮಾಡ್ಯೂಲ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ. ಬ್ಯಾಟರಿ ಕಳಚದೆ ಬಾಡಿಗೆ ವೆಲ್ಡಿಂಗ್ ಮಾಡಿಸಿದರೂ ಅಪಾಯ. ತುಕ್ಕು ತಿನ್ನುವ ಈ ಊರಿನಲ್ಲಿ ವೆಲ್ಡಿಂಗ್ ಬೇಡದ ಹಳೆಯ ಗಾಡಿ ಯಾವುದಿದೆ? ಲೋಹದ ಬೆನ್ನಿನ ಮಾಡ್ಯೂಲುಗಳನ್ನು ಕೂರಿಸುವಾಗ ಅಡಿಗೆ ಕಾವು ದಾಟಿಸುವ ಬಿಳಿ ಪೇಸ್ಟ್ ತೆಳುವಾಗಿ ಸವರಬೇಕಾಗುತ್ತದೆ. ಪ್ಯಾಕೆಟ್ಟಿನಲ್ಲಿ ಬರುವ ಆ ಪುಟ್ಟ ಟ್ಯೂಬನ್ನು ಗ್ರೀಸೆಂದು ಬಗೆದು ಎಸೆದರೆ ಹೊಸ ಮಾಡ್ಯೂಲ್ ಮೊದಲ ಬೇಸಿಗೆಯಲ್ಲೇ ಬೇಯುತ್ತದೆ.

ಕೊನೆಯದಾಗಿ, ಇದೆಲ್ಲ ಹೊರಟುಹೋಗುತ್ತಿರುವ ಗಾಡಿಗಳ ಮಾತಲ್ಲವೇ ಎನ್ನುವವರಿದ್ದಾರೆ. ಕಾರ್ಬ್ಯುರೇಟರ್ ಓಮ್ನಿ ಕಡಿಮೆಯಾಗುತ್ತಿರುವುದು ನಿಜ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಮರುನೋಂದಣಿಯ ಪರೀಕ್ಷೆಯೂ ಇದೆ. ಆದರೆ ಕಿಡಿ ಹಚ್ಚಿ ಓಡುವ ಸರಕು ಗಾಡಿ ನಮ್ಮೂರಿಗೆ ಮರಳಿ ಬರುತ್ತಿದೆ. ಕೊಚ್ಚಿ–ಮಂಗಳೂರು ಅನಿಲ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾದ ಮೇಲೆ ಸಿಎನ್‌ಜಿ ಪಂಪುಗಳು ಹೆಚ್ಚಿದವು, ಅವುಗಳ ಮುಂದೆ ಆಟೋಗಳೂ ಪುಟ್ಟ ಪಿಕಪ್‌ಗಳೂ ಸಾಲು ನಿಂತವು. ಸಿಎನ್‌ಜಿ ಎಂಜಿನಿಗೂ ಪ್ಲಗ್ ಬೇಕು, ಪೆಟ್ರೋಲಿಗಿಂತ ಬಲವಾದ ಕಿಡಿಯೇ ಬೇಕು. ಎಂಪಿಎಫ್‌ಐ ಗಾಡಿಗಳಲ್ಲಿರುವಂತೆ ಮಾಡ್ಯೂಲ್ ಮಾತ್ರ ಅಲ್ಲಿಯೂ ಬೇರೆ ಡಬ್ಬಿಯಾಗಿ ಸಿಗುವುದಿಲ್ಲ, ಕಾಯಿಲಿನ ಒಳಗೋ ಇಸಿಯು ಎಂಬ ಕಂಪ್ಯೂಟರಿನ ಒಳಗೋ ಸೇರಿಕೊಂಡಿದೆ. ಇಂಥ ಗಾಡಿಗಳ ಇಸಿಯು ತಂತಿಗೆ ಮೇಲೆ ಹೇಳಿದ ಬಲ್ಬನ್ನು ಮುಟ್ಟಿಸಬಾರದು, ಬಲ್ಬು ಎಳೆಯುವ ಕರೆಂಟಿಗೆ ಇಸಿಯು ಸುಡಬಹುದು. ಅಲ್ಲಿ ಸ್ಕ್ಯಾನರ್ ಬೇಕು. ಡಬ್ಬಿ ದೊಡ್ಡದಾದಷ್ಟೂ ಬೆಲೆ ಏರುತ್ತದೆ, ‘ಇಸಿಯು ಹೋಗಿರಬೇಕು’ ಎಂಬ ಊಹೆಯ ಬಿಲ್ಲೂ ಅದರೊಂದಿಗೆ ಏರುತ್ತದೆ.

ಹಾಗಾಗಿ ಮುಂದಿನ ಸಲ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟಾಗ ಎರಡು ಮಾತು ಹೇಳಿ. ಬದಲಿಸುವುದಕ್ಕೆ ಮೊದಲು ಬಲ್ಬು ಹಿಡಿದು ತೋರಿಸಿ ಎನ್ನಿ. ಬದಲಿಸಿಯೇ ಆದರೆ ಹಳೆಯ ಮಾಡ್ಯೂಲನ್ನು ಗುಜರಿಗೆ ಹಾಕಲು ಬಿಡದೆ ಕೈಗೆ ಕೇಳಿ ಪಡೆಯಿರಿ, ಒಂದು ಒಣ ಬೆಳಿಗ್ಗೆ ಅದನ್ನೇ ಮತ್ತೊಮ್ಮೆ ಹಾಕಿಸಿ ಸೆಲ್ಫ್ ಹೊಡೆದು ನೋಡಿ.